ಹಿಂದಿನ ಸಾಲಿನ ಹುಡುಗಿ: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ವೃತ್ತಿಪರ ಫುಟ್‌ಬಾಲ್ ಡಿಫೆಂಡರ್ ಆಗುವ ದಾರಿ

ನಮ್ಮ ಮೂರು ಜಿಲ್ಲೆಗಳ ಶಾಲಾ ಮೈದಾನಗಳಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುವ ರೀತಿ ಹೆಚ್ಚುಕಡಿಮೆ ಒಂದೇ. ಜೋರು ಓಡುವವಳು ಮುಂದೆ, ಚೆಂಡು ಚೆನ್ನಾಗಿ ಆಡಿಸುವವಳು ನಡುವೆ, ಉಳಿದವರು ಹಿಂದೆ. ಹಿಂದೆ ನಿಂತವರಿಗೆ ಸಿಗುವ ಪಾಠವೂ ಒಂದೇ: “ಚೆಂಡು ಬಂದ್ರ ಒದ್ದುಬಿಡು.” ತಾಲ್ಲೂಕು ಮಟ್ಟದ ಪಂದ್ಯ ಗೆಲ್ಲಲು ಇಷ್ಟು ಸಾಕು. ರಾಜ್ಯ ತಂಡದ ಆಯ್ಕೆಗೆ ಹೋದಾಗ ಇದೇ ಪಾಠ ಕೈಕೊಡುತ್ತದೆ. ಅಲ್ಲಿ ಕೂತ ಆಯ್ಕೆಗಾರರು ಚೆಂಡು ಬರುವ ಮೊದಲು ಅವಳು ಎಲ್ಲಿ ನಿಂತಿದ್ದಳು, ಪಕ್ಕದವಳಿಗೆ ಏನು ಕೂಗಿ ಹೇಳಿದಳು ಎಂಬುದನ್ನು ಗುರುತು ಹಾಕಿಕೊಳ್ಳುತ್ತಾರೆ. ನಿಲ್ಲುವ ಜಾಗ, ಕೂಗುವ ಬಾಯಿ, ಎರಡನ್ನೂ ಹುಲ್ಲಿನ ಮೈದಾನವಿಲ್ಲದ ಊರಿನಲ್ಲೇ ಕಲಿಯಬಹುದು.

ಯಾರು ಹಿಂದಿನ ಸಾಲಿಗೆ ಹೊಂದುತ್ತಾರೆ

ಕಬಡ್ಡಿ ಆಡಿ ಬೆಳೆದ ಹುಡುಗಿಗೆ ಅರ್ಧ ಪಾಠ ಆಗಲೇ ಬಂದಿರುತ್ತದೆ. ಮೊಣಕಾಲು ಬಾಗಿಸಿ ತಗ್ಗಿ ನಿಲ್ಲುವುದು, ರೇಡರ್ ಕೈಬೀಸಿ ಆಸೆ ತೋರಿಸಿದರೂ ದುಡುಕದೆ ಅವಳು ಕಾಲು ಚಾಚುವವರೆಗೆ ಕಾಯುವುದು, ಪಕ್ಕದವಳ ಜೊತೆ ಸರಪಳಿಯಂತೆ ಸರಿಯುವುದು, ಇದೆಲ್ಲ ಡಿಫೆಂಡರ್‌ನ ಕೆಲಸವೇ. ಬಿಡಬೇಕಾದ್ದು ಎರಡು ಚಾಳಿ. ಒಂದು, ಕೈ. ಜೆರ್ಸಿ ಹಿಡಿದರೆ ಫೌಲ್, ಗೋಲಿನ ಮುಂದೆ ಗೆರೆ ಎಳೆದ ಬಾಕ್ಸ್ ಒಳಗೆ ಹಿಡಿದರೆ ಪೆನಾಲ್ಟಿ. ಇನ್ನೊಂದು, ಕಾಲಿಗೆ ಹಾರಿ ಬೀಳುವುದು.

ಹದಿಮೂರು ಹದಿನಾಲ್ಕರಲ್ಲಿ ಶುರುಮಾಡಿದರೆ ತಡವಾಯಿತು ಎಂದು ಪಾಲಕರು ಹೆದರುತ್ತಾರೆ. ಚೆಂಡಿನ ಚಳಕ ಮೊದಲೇ ಬಂದಿದ್ದರೆ ಒಳ್ಳೆಯದೇ. ಆದರೆ ಹಿಂದಿನ ಸಾಲಿನ ಆಟ ತಿಳಿವಳಿಕೆಯಿಂದ ಮಾಗುವಂಥದು, ಬಾಳಿಕೆಯೂ ಹೆಚ್ಚು. ಮಣಿಪುರದ ಡಿಫೆಂಡರ್ ಆಶಾಲತಾ ದೇವಿ 2024ರ ಅಕ್ಟೋಬರ್‌ನಲ್ಲಿ, ಮೂವತ್ತು ದಾಟಿದ ಮೇಲೆ, ಭಾರತದ ಪರ ನೂರು ಅಂತರರಾಷ್ಟ್ರೀಯ ಪಂದ್ಯ ಆಡಿದ ಮೊದಲ ಮಹಿಳೆ ಎನಿಸಿದರು.

ಎತ್ತರವಿದ್ದು ತಲೆಯಾಟಕ್ಕೆ ಅಂಜದವಳು ಸೆಂಟರ್ ಬ್ಯಾಕ್, ಅಂದರೆ ಹಿಂದಿನ ಸಾಲಿನ ನಡುವೆ ನಿಲ್ಲುವವಳು. ಫ್ರಾನ್ಸಿನ ವೆಂಡಿ ರೆನಾರ್ 1.87 ಮೀಟರ್ ಎತ್ತರ. ಅಷ್ಟು ಎತ್ತರ ಯಾರಿಗೂ ಕಡ್ಡಾಯವಲ್ಲ, ಜಿಗಿಯುವ ಹೊತ್ತು ಸರಿಯಿದ್ದರೆ ಐದೂಕಾಲು ಅಡಿಯವಳೂ ಚೆಂಡು ಗೆಲ್ಲುತ್ತಾಳೆ. ಗಿಡ್ಡಗಿದ್ದು ಮತ್ತೆ ಮತ್ತೆ ಓಡುವ ದಮ್ಮು ಇದ್ದವಳು ಫುಲ್ ಬ್ಯಾಕ್, ಅಂದರೆ ಸಾಲಿನ ಎಡ ಇಲ್ಲವೇ ಬಲ ಅಂಚಿನವಳು. ಎಡಗಾಲಿನವರು ತಮ್ಮ ಬೆಲೆ ತಿಳಿದುಕೊಳ್ಳಬೇಕು. ಎಡಗಾಲಿನ ಲೆಫ್ಟ್ ಬ್ಯಾಕ್ ಸಿಗುವುದೇ ಕಡಿಮೆ. ಬಲಗಾಲಿನಲ್ಲೇ ಒದೆ ಎಂದು ತಿದ್ದಲು ಹೋಗುವ ಮಾಸ್ತರರಿಗೆ ಕೈಮುಗಿದು ಬೇಡ ಎನ್ನಿ.

ಮೊದಲ ಪಾಠ: ತಡೆದು ನಿಲ್ಲಿಸುವುದು

ಚೆಂಡು ಕಸಿಯುವುದು ಆಮೇಲಿನ ಮಾತು. ಮೊದಲು ಎದುರಾಳಿಯ ವೇಗ ಮುರಿಯಬೇಕು. ಚೆಂಡು ಅವಳತ್ತ ಹೊರಟ ಕ್ಷಣದಲ್ಲಿ ಪೂರ್ತಿ ವೇಗದಲ್ಲಿ ಓಡಿ, ಮೂರು ನಾಲ್ಕು ಮೀಟರ್ ಇರುವಾಗ ಹೆಜ್ಜೆ ಸಣ್ಣದು ಮಾಡಿ, ಒಂದೂವರೆ ಎರಡು ಮೀಟರ್ ದೂರದಲ್ಲಿ ನಿಂತುಬಿಡಿ. ನೇರ ಎದುರಿಗೆ ನಿಲ್ಲಬೇಡಿ, ಮೈ ಓರೆಯಾಗಿರಲಿ, ಒಂದು ಕಾಲು ಮುಂದೆ, ಭಾರ ಮುಂಗಾಲಿನ ಮೇಲೆ. ಎರಡೂ ಪಾದ ಒಂದೇ ಸಾಲಿನಲ್ಲಿದ್ದರೆ ಚೆಂಡು ಕಾಲ ನಡುವೆ ತೂರಿಹೋಗುತ್ತದೆ. ಹಿಮ್ಮಡಿಯ ಮೇಲೆ ಭಾರ ಹಾಕಿದರೆ ತಿರುಗಲು ಅರ್ಧ ಕ್ಷಣ ಹೆಚ್ಚು ಹಿಡಿಯುತ್ತದೆ, ಆ ಅರ್ಧ ಕ್ಷಣದಲ್ಲೇ ಗೋಲು. ಒಳಗಿನ ದಾರಿ ಮುಚ್ಚಿ, ಪಕ್ಕದ ಗೆರೆಯತ್ತ ಮಾತ್ರ ದಾರಿ ಬಿಡಿ. ಕಣ್ಣು ಚೆಂಡಿನ ಮೇಲಿರಲಿ. ಅವಳ ಹೆಗಲು ಸೊಂಟಗಳ ಆಟಕ್ಕೆ ಮರುಳಾಗಬೇಡಿ. ಚೆಂಡು ಅವಳ ಕಾಲಿನಿಂದ ಒಂದು ಹೆಜ್ಜೆಯಷ್ಟು ದೂರ ಹೋದಾಗ ಮಾತ್ರ ಕಾಲು ಹಾಕಿ.

ಅಭ್ಯಾಸಕ್ಕೆ 12 ಮೀಟರ್ ಉದ್ದ, 8 ಮೀಟರ್ ಅಗಲದ ಜಾಗ ಬೇಕು. ಸುಣ್ಣದ ಪುಡಿ ಇಲ್ಲದಿದ್ದರೆ ನಾಲ್ಕು ಚಪ್ಪಲಿ ಸಾಕು. ಮುಂದಿನವಳು ಚೆಂಡಿನೊಡನೆ ನಿಮ್ಮ ಹಿಂದಿನ ಗೆರೆ ದಾಟಬೇಕು. ಎಂಟು ಸೆಕೆಂಡು ಅವಳನ್ನು ತಡೆದರೂ ನೀವು ಗೆದ್ದಂತೆ, ಏಕೆಂದರೆ ಪಂದ್ಯದಲ್ಲಿ ಅಷ್ಟು ಹೊತ್ತಿಗೆ ಜೊತೆಗಾರ್ತಿ ನೆರವಿಗೆ ಬಂದಿರುತ್ತಾಳೆ. ಆರು ಸಲ ಮಾಡಿ, ಪ್ರತಿ ಸಲದ ನಡುವೆ 40 ಸೆಕೆಂಡು ಸುಧಾರಿಸಿಕೊಳ್ಳಿ. ಇಂಥ ಮೂರು ಸುತ್ತು ವಾರಕ್ಕೆ ಮೂರು ದಿನ ಸಾಕು. ಸುಸ್ತಾದ ಮೇಲೂ ಎಳೆದರೆ ಕಾಲು ಹಾರಿಸುವ ಕೆಟ್ಟ ಚಾಳಿಯೇ ಗಟ್ಟಿಯಾಗುತ್ತದೆ.

ಜಾರಿ ಬಿದ್ದು ಮಾಡುವ ಟ್ಯಾಕಲ್ ಟೀವಿಯಲ್ಲಿ ಚೆಂದ. ಬಳ್ಳಾರಿಯ ಕೆಂಪು ಮೊರಂ ನೆಲದಲ್ಲಿ ತೊಡೆಯ ಚರ್ಮ ಉಳಿಯುವುದಿಲ್ಲ. ಅದನ್ನು ಹುಲ್ಲು ಸಿಕ್ಕ ದಿನಕ್ಕೆ ಮೀಸಲಿಡಿ, ನಿಂತೇ ಕಸಿಯುವುದನ್ನು ಕಲಿಯಿರಿ. ಹೇಗೂ ನೆಲಕ್ಕೆ ಬಿದ್ದ ಡಿಫೆಂಡರ್ ಮುಂದಿನ ಮೂರು ಸೆಕೆಂಡು ಲೆಕ್ಕಕ್ಕಿಲ್ಲ.

ಎರಡನೆಯದು: ಸಾಲು ಮತ್ತು ಹಗ್ಗ

ನಾಲ್ವರು ಡಿಫೆಂಡರ್‌ಗಳನ್ನು ಒಂದೇ ಎಳೆಯಂತೆ ಸರಿಯಲು ಕಲಿಸುವುದಕ್ಕೆ ನೂಲಿನ ಹಗ್ಗ ಸಾಕು. ಇಬ್ಬಿಬ್ಬರ ನಡುವೆ ಸೊಂಟಕ್ಕೆ 8 ಮೀಟರ್ ಹಗ್ಗ ಸಡಿಲವಾಗಿ ಸಿಕ್ಕಿಸಿ, ಗಂಟು ಹಾಕಬೇಡಿ, ಎಳೆದರೆ ಬಿಚ್ಚಿಕೊಳ್ಳುವಂತಿರಲಿ. ಒಬ್ಬರು ಚೆಂಡು ಹಿಡಿದು ಎಡಕ್ಕೆ, ಬಲಕ್ಕೆ ನಡೆಯಲಿ, ಸಾಲು ಅದರೊಟ್ಟಿಗೆ ಸರಿಯಲಿ. ಮೊದಲ ವಾರ ನಡಿಗೆ, ಎರಡನೆಯ ವಾರ ಹಗುರ ಓಟ, ಆಮೇಲೆ ಹಗ್ಗ ತೆಗೆಯಿರಿ. ಹಗ್ಗ ಕಟ್ಟಿಕೊಂಡು ಜೋರು ಓಡಬಾರದು. ಹಗ್ಗ ಬಿಗಿದರೆ ನಡುವೆ ಕಿಂಡಿ ಬಿತ್ತು ಎಂದರ್ಥ, ನೆಲಕ್ಕೆ ಜೋತರೆ ಇಬ್ಬರೂ ಒಂದೇ ಕಡೆ ಮುತ್ತಿದ್ದೀರಿ.

ಮುಂದೆ ಸರಿಯುವುದು ಯಾವಾಗ, ಹಿಂದೆ ಸರಿಯುವುದು ಯಾವಾಗ? ಚೆಂಡು ಹಿಡಿದವಳ ತಲೆ ತಗ್ಗಿದ್ದರೆ, ಬೆನ್ನು ನಿಮ್ಮತ್ತ ಇದ್ದರೆ, ಅಥವಾ ಅವಳು ಚೆಂಡು ಹಿಂದಕ್ಕೆ ಕೊಟ್ಟರೆ ಇಡೀ ಸಾಲು ನಾಲ್ಕೈದು ಮೀಟರ್ ಮುಂದೆ. ಅವಳ ತಲೆ ಎತ್ತಿದ್ದು, ಹತ್ತಿರ ಯಾರೂ ಇಲ್ಲದೆ, ಒದೆಯಲು ಕಾಲು ಹಿಂದಕ್ಕೆ ಎಳೆದಿದ್ದರೆ ಕೂಡಲೇ ಹಿಂದೆ. ಚೆಂಡು ಒದೆಯುವ ಕ್ಷಣಕ್ಕೆ ಸಾಲು ಮುಂದೆ ಸರಿದು ಎದುರಾಳಿಯನ್ನು ಬೆನ್ನ ಹಿಂದೆ, ನಿಯಮ ಒಪ್ಪದ ಜಾಗದಲ್ಲಿ ಬಿಡುವುದೇ ಆಫ್‌ಸೈಡ್ ಬಲೆ, ನಾಲ್ವರಲ್ಲಿ ಒಬ್ಬಳು ನಿಂತಲ್ಲೇ ನಿಂತರೂ ಅದು ಹರಿಯಿತು.

ಆಫ್‌ಸೈಡ್ ನಿಯಮದ ಒಂದೆರಡು ಸೂಕ್ಷ್ಮ ಗೊತ್ತಿಲ್ಲದೆ ಶಾಲಾ ತಂಡಗಳು ಗೋಲು ಬಿಟ್ಟುಕೊಡುತ್ತವೆ. ನಿಮ್ಮಲ್ಲೊಬ್ಬಳು ಗೋಲಿನ ಗೆರೆಯಾಚೆ ಬಿದ್ದಿದ್ದರೂ ನಿಯಮದ ಪ್ರಕಾರ ಅವಳು ಗೆರೆಯ ಮೇಲೆ ಇದ್ದಂತೆಯೇ, ಎದುರಾಳಿಯನ್ನು ಆಟದೊಳಗೆ ಉಳಿಸುತ್ತಾಳೆ. ಎಳೆದುಕೊಂಡು ಬಂದರೆ ಸಾಲದು, ಎಬ್ಬಿಸಿ ಮುಂದಕ್ಕೆ ಕರೆತನ್ನಿ. ಇನ್ನೊಂದು: ನಿಮ್ಮ ಕಾಲಿಗೆ ಚೆಂಡು ಸುಮ್ಮನೆ ತಾಗಿ ತಿರುಗಿದರೆ ಸಾಲಿನ ಹಿಂದಿದ್ದ ಎದುರಾಳಿ ಆಫ್‌ಸೈಡೇ. ನೀವೇ ಹತೋಟಿಯಿಂದ ಆಡಲು ಹೋಗಿ ತಪ್ಪು ಕಡೆ ಕೊಟ್ಟರೆ ಅವಳು ಆಟದೊಳಗೆ. ಕೈ ಎತ್ತಿ ಲೈನ್ಸ್‌ಮನ್ ಕಡೆ ನೋಡುತ್ತ ನಿಲ್ಲುವ ಡಿಫೆಂಡರ್ ಎರಡು ಸಲ ಮೋಸ ಹೋಗುತ್ತಾಳೆ. ಸೀಟಿ ಬೀಳುವವರೆಗೆ ಓಡಿ.

ಕಾರ್ಡಿನ ಲೆಕ್ಕವೂ ಬಾಯಿಪಾಠವಾಗಿರಲಿ. ಗೋಲು ಖಚಿತ ಎನ್ನುವಂಥ ಅವಕಾಶವನ್ನು ಬಾಕ್ಸ್ ಹೊರಗೆ ಫೌಲ್ ಮಾಡಿ ತಡೆದರೆ ಕೆಂಪು ಕಾರ್ಡ್. ಬಾಕ್ಸ್ ಒಳಗೆ ಚೆಂಡಿಗಾಗಿಯೇ ಕಾಲು ಹಾಕಿ ತಪ್ಪಿದರೆ ಪೆನಾಲ್ಟಿ ಜೊತೆಗೆ ಹಳದಿ. ಒಳಗೆ ಎಳೆದರೆ, ಹಿಡಿದರೆ, ನೂಕಿದರೆ ಪೆನಾಲ್ಟಿಯೂ ಹೌದು, ಕೆಂಪೂ ಹೌದು.

ಬಾಯಿ

ನಮ್ಮ ಹುಡುಗಿಯರು ಕಷ್ಟಪಡುವುದು ಇಲ್ಲಿಯೇ. ಮೆಲ್ಲಗೆ ಮಾತಾಡು ಎಂದು ಮನೆಯಲ್ಲಿ ಹೇಳಿಸಿಕೊಂಡು ಬೆಳೆದವಳು ಮೈದಾನದಲ್ಲಿ ಒಮ್ಮೆಲೇ ಕೂಗಲಾರಳು. ಅದಕ್ಕೇ ಕೂಗನ್ನೂ ಅಭ್ಯಾಸದ ಭಾಗ ಮಾಡಬೇಕು. ಮಾತು ಚಿಕ್ಕದಿರಲಿ, ತಂಡಕ್ಕೆಲ್ಲ ಒಂದೇ ಆಗಿರಲಿ: “ಹಿಂದದಾಳ!” ಅಂದರೆ ಬೆನ್ನ ಹಿಂದೆ ಎದುರಾಳಿ, “ತಡಿ!” ಅಂದರೆ ಕಾಲು ಹಾಕಬೇಡ, ನಿಲ್ಲಿಸು, “ಮುಂದಕ್ಕ!” ಅಂದರೆ ಸಾಲು ಏರಲಿ, “ನಂದು!” ಅಂದರೆ ಚೆಂಡು ಬಿಡು. ಬೆಂಗಳೂರಿನ ತಂಡ ಸೇರಿದ ಮೇಲೆ ಇವೇ “ಮ್ಯಾನ್ ಆನ್”, “ಹೋಲ್ಡ್”, “ಅಪ್” ಆಗುತ್ತವೆ, ಕಲಿಯಲು ಎರಡು ದಿನ ಸಾಕು. ಕೂಗದ ಡಿಫೆಂಡರ್‌ಗೆ ಅಭ್ಯಾಸದಲ್ಲಿ ಗೋಲು ಬಿಟ್ಟಷ್ಟೇ ಅಂಕ ಕಳೆಯಿರಿ. ವಾರದೊಳಗೆ ಬಾಯಿ ಬರುತ್ತದೆ.

ತಲೆಯಾಟ, ಪಾಸು

ಹೆಡ್ಡಿಂಗ್ ಹಣೆಯಿಂದ, ಕೂದಲ ಗೆರೆಯ ಕೆಳಗಿನಿಂದ. ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ, ಕುತ್ತಿಗೆ ಬಿಗಿ. ನೆತ್ತಿಗೆ ತಾಗಿದರೆ ನೋವು, ಚೆಂಡೂ ಹಿಂದಕ್ಕೆ. ಮೊದಲು ಕೈಯಿಂದ ಹಗುರಾಗಿ ಎಸೆದ ಚೆಂಡು, ಒಂದು ದಿನಕ್ಕೆ ಹತ್ತು ದಾಟಬೇಡ. ಜೋರಾಗಿ ಒದ್ದ ಚೆಂಡಿಗೆ ತಲೆ ಕೊಡುವುದನ್ನು ತರಬೇತಿಯಲ್ಲಿ ವಾರಕ್ಕೆ ಹತ್ತಕ್ಕೆ ಮಿತಿಗೊಳಿಸಬೇಕೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2021ರಲ್ಲಿ ವೃತ್ತಿಪರರಿಗೇ ಹೇಳಿದೆ. ಹನ್ನೆರಡರೊಳಗಿನ ಮಕ್ಕಳಿಗೆ ತಲೆಯಾಟ ಬೇಕೇ ಇಲ್ಲ.

2019ರಿಂದ ಗೋಲ್ ಕಿಕ್ ಚೆಂಡನ್ನು ಬಾಕ್ಸ್ ಒಳಗೇ ಪಡೆಯಬಹುದು. ಹಾಗಾಗಿ ಈಗ ಕ್ಲಬ್‌ಗಳು ಡಿಫೆಂಡರ್‌ನಿಂದ ಪಾಸು ಬಯಸುತ್ತವೆ. ಗೋಡೆಗೆ ಎದುರಾಗಿ ಎಂಟು ಮೀಟರ್ ದೂರ ನಿಂತು, ದಿನಕ್ಕೆ ಎಡಗಾಲಿನಲ್ಲಿ ನೂರು, ಬಲಗಾಲಿನಲ್ಲಿ ನೂರು ಪಾಸು. ಚೆಂಡು ವಾಪಸು ಬರುವಷ್ಟರಲ್ಲಿ ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡಿ. ಹಿಂದೆ ಗೆಳತಿ ಬೆರಳು ಎತ್ತಿ ನಿಂತಿದ್ದರೆ ಎಷ್ಟು ಎಂದು ಕೂಗಿ ಹೇಳಿ. ನೋಡದೆ ನೋಡಿದಂತೆ ನಟಿಸುವುದು ಆಗ ಸಿಕ್ಕಿಬೀಳುತ್ತದೆ. ಒದ್ದು ದೂರ ಮಾಡಲೇಬೇಕಾದಾಗ ಎತ್ತರಕ್ಕೆ, ಪಕ್ಕಕ್ಕೆ ಒದೆಯಿರಿ, ಬಾಕ್ಸ್ ಎದುರಿನ ನಡುಭಾಗಕ್ಕೆ ಎಂದೂ ಬೇಡ.

ನೆಲ, ಬೂಟು, ಬಿಸಿಲು

ರಾಯಚೂರು, ಕೊಪ್ಪಳದ ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಅಂಟಾಗುತ್ತದೆ. ಬಿರುಕಿನಲ್ಲಿ ಬೂಟಿನ ಅಡಿಯ ಗುಬಟು (ಸ್ಟಡ್) ಸಿಕ್ಕಿದರೆ ಪಾದ ನಿಲ್ಲುತ್ತದೆ, ಮೈ ತಿರುಗುತ್ತದೆ, ಮೊಣಕಾಲು ಹೋಗುತ್ತದೆ. ಆಟದ ಮುನ್ನ ಬಾಕ್ಸ್ ಸುತ್ತಲಿನ ಬಿರುಕಿಗಾದರೂ ಮಣ್ಣು ತುಂಬಿ. ಇಂಥ ಗಟ್ಟಿ ನೆಲಕ್ಕೆ ಉದ್ದ ಸ್ಟಡ್‌ನ ಬೂಟು ಬೇಡ, ತುಂಬ ಗಿಡ್ಡ ರಬ್ಬರ್ ಗುಬಟುಗಳಿರುವ ಟರ್ಫ್ ಶೂ ಸರಿ. ಹುಲ್ಲಿನ ಮೈದಾನದ ಆಯ್ಕೆಗೆ ಹೋಗುವಾಗ ಮಾತ್ರ ಅಚ್ಚಿನ ಸ್ಟಡ್ ಬೂಟು, ಅದನ್ನೂ ಎರಡು ವಾರ ಮೊದಲೇ ಹಾಕಿ ಹದ ಮಾಡಿ. ಹೊಸ ಬೂಟಿನಲ್ಲಿ ಟ್ರಯಲ್ಸ್‌ಗೆ ಇಳಿದು ಗುಳ್ಳೆ ಎಬ್ಬಿಸಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಅಣ್ಣನ ಬೂಟಿಗೆ ಹತ್ತಿ ತುರುಕಿ ಹಾಕುವುದೂ ಬೇಡ. ಹಣವಿದ್ದರೆ ಮೊದಲು ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ, ಶಿನ್ ಪ್ಯಾಡ್, ಆಮೇಲೆ ಬೂಟಿನ ಬ್ರ್ಯಾಂಡು.

ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಐದೂಮುಕ್ಕಾಲಿಗೆ ಶುರು, ಏಳೂಕಾಲಿಗೆ ಮುಗಿಯಬೇಕು. ಸಂಜೆ ಐದಕ್ಕೂ ನೆಲ ಕಾದಿರುತ್ತದೆ. ಆಟಕ್ಕೆ ಎರಡು ತಾಸು ಮೊದಲು ಅರ್ಧ ಲೀಟರ್ ನೀರು, ನಡುವೆ ಪ್ರತಿ 15–20 ನಿಮಿಷಕ್ಕೆ ಒಂದು ಲೋಟ. ಒಂದು ತಾಸು ಮೀರಿದರೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ತಲೆಸುತ್ತು, ವಾಂತಿ, ತಡವರಿಸುವ ಮಾತು ಕಂಡರೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, ಆಸ್ಪತ್ರೆಗೆ ಹೊರಡಿ. ಎಚ್ಚರ ತಪ್ಪಿದವಳ ಬಾಯಿಗೆ ನೀರು ಹಾಕಬಾರದು.

ಊಟ ಮತ್ತು ರಕ್ತ

ಒಂದು ಪಂದ್ಯದಲ್ಲಿ ಮೇಲ್ಮಟ್ಟದ ಆಟಗಾರ್ತಿ 9–10 ಕಿಲೋಮೀಟರ್ ಓಡುತ್ತಾಳೆ. ಎರಡನೆಯ ಅರ್ಧದಲ್ಲಿ ಏದುಸಿರು ಬಿಡುವವಳನ್ನು “ಸೋಮಾರಿ” ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೊಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕಬ್ಬಿಣಾಂಶದ ಮಾತ್ರೆ ಸಿಗುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ಒಂದು ತಾಸು ಬಿಟ್ಟು ಕುಡಿಯಿರಿ. ಲಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ.

ಊಟಕ್ಕೆ ಪೇಟೆಯ ಪೌಡರ್ ಡಬ್ಬಿ ಬೇಕಿಲ್ಲ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ದಿನಕ್ಕೆರಡು ತತ್ತಿ, ಇಷ್ಟಾದರೆ ಆಟಗಾರ್ತಿಯ ತಟ್ಟೆ ತುಂಬಿತು. ಪಂದ್ಯದ ದಿನ ರೊಟ್ಟಿ ಮೂರು ತಾಸು ಮೊದಲೇ ಆಗಲಿ. ಕಾಳು ಆ ಹೊತ್ತಿಗೆ ಬೇಡ, ಹೊಟ್ಟೆ ಉಬ್ಬರ. ಒಗ್ಗರಣೆ ಮಂಡಕ್ಕಿ ಮಿರ್ಚಿ ಗೆದ್ದ ಮೇಲೆ. ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆಡಬಾರದೆಂದೇನಿಲ್ಲ. ಆದರೆ ಮೂರು ತಿಂಗಳು ಮುಟ್ಟು ನಿಂತರೆ ಅದು ಊಟ ಸಾಲದಿರುವುದರ ಲಕ್ಷಣವಿರಬಹುದು, ಮೂಳೆಗೂ ಪೆಟ್ಟು. ವೈದ್ಯರಿಗೆ ತೋರಿಸಿ.

ಮೊಣಕಾಲು

ಮೊಣಕಾಲಿನ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು, ಅದರಲ್ಲೂ ತಟ್ಟನೆ ನಿಂತು ತಿರುಗುವಾಗ. ಡಿಫೆಂಡರ್ ಪಂದ್ಯವಿಡೀ ಮಾಡುವುದೇ ಅದು. ಫಿಫಾ ರೂಪಿಸಿದ ‘11+’ ವಾರ್ಮ್‌ಅಪ್ ಇದಕ್ಕೆ ಖರ್ಚಿಲ್ಲದ ಮದ್ದು. 8 ನಿಮಿಷ ಹಗುರ ಓಟ, 10 ನಿಮಿಷ ಪ್ಲ್ಯಾಂಕ್, ಒಂಟಿಕಾಲ ಸಮತೋಲ, ಸ್ಕ್ವಾಟ್, ಜಿಗಿತ, ಕೊನೆಗೆ 2 ನಿಮಿಷ ವೇಗದ ಓಟ ಮತ್ತು ತಿರುವು, ಒಟ್ಟು 15 ವ್ಯಾಯಾಮ. ವಾರಕ್ಕೆ ಕನಿಷ್ಠ ಎರಡು ಸಲ. ಒಬ್ಬಳು ಕಾಲ್ಮಡಿ ಹಿಡಿದು, ಇನ್ನೊಬ್ಬಳು ಮೊಣಕಾಲೂರಿ ನಿಧಾನಕ್ಕೆ ಮುಂದೆ ಬಾಗುವ ವ್ಯಾಯಾಮವನ್ನು 3–5 ಸಲದಿಂದ ಶುರುಮಾಡಿ. ಮೊದಲ ದಿನವೇ ಹದಿನೈದು ಮಾಡಿದರೆ ಮರುದಿನ ಮೆಟ್ಟಿಲಿಳಿಯಲಾಗದು. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲಬಾರದು. ಫೋನಿನಲ್ಲಿ ಎದುರಿನಿಂದ ವಿಡಿಯೊ ತೆಗೆದರೆ ತಾನೇ ಕಾಣುತ್ತದೆ.

“ಟಕ್” ಎಂದು ಸದ್ದಾಗಿ ಕೆಲವೇ ತಾಸಿನಲ್ಲಿ ಮೊಣಕಾಲು ಊದಿದರೆ ಉಳುಕು ತೆಗೆಸಲು, ಎಣ್ಣೆ ಹಚ್ಚಿ ತಿಕ್ಕಿಸಲು ಹೋಗಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15–20 ನಿಮಿಷ, ಬಿಗಿ ಪಟ್ಟಿ, ಕಾಲು ಎತ್ತರಕ್ಕೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮೂಳೆ ವಿಭಾಗಕ್ಕೇ ನೇರ ಹೋಗಿ. ಶಸ್ತ್ರಚಿಕಿತ್ಸೆ ಆದರೆ ಒಂಬತ್ತು ತಿಂಗಳಿಗೆ ಮೊದಲು ಪಂದ್ಯವಿಲ್ಲ. ಆರು ತಿಂಗಳಿಗೇ ಕರೆಯುವ ತಂಡಕ್ಕೆ ನಿಮ್ಮ ಕಾಲಿನ ಚಿಂತೆ ಇಲ್ಲ.

ಮೆಟ್ಟಿಲುಗಳು

ಶಾಲಾ ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ ಎಂದು ಏರಬೇಕು. ಶಾಲಾ ತಂಡಕ್ಕೆ ಸುಬ್ರತೋ ಕಪ್‌ನಲ್ಲಿ 17 ವರ್ಷದೊಳಗಿನ ಬಾಲಕಿಯರ ವಿಭಾಗವಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಬಾಲಕಿಯರ ಫುಟ್‌ಬಾಲ್ ಇರುವ ಕ್ರೀಡಾ ವಸತಿ ನಿಲಯ ಯಾವುದು, ಆಯ್ಕೆ ಯಾವಾಗ ಎಂದು ಮೊದಲೇ ವಿಚಾರಿಸಿಡಿ. ತೋರಣಗಲ್ಲಿನ ಬೆಂಗಳೂರು ಎಫ್‌ಸಿ ಅಕಾಡೆಮಿ ಹತ್ತಿರವಿದೆ ಎಂದು ಹಲವರು ಆಸೆಯಿಂದ ಕೇಳುತ್ತಾರೆ, ಅದು ಹುಡುಗರ ತರಬೇತಿಗೆ ಕಟ್ಟಿದ್ದು.

ಶಾಲೆಯ ಆಚೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ನಡೆಸುವ ಮಹಿಳಾ ಲೀಗ್ ಇದೆ, ಅದು ಬೆಂಗಳೂರಿನಲ್ಲಿ. ಅಲ್ಲಿಂದ ಮೇಲೆ ಇಂಡಿಯನ್ ವಿಮೆನ್ಸ್ ಲೀಗ್ 2, ಅದರ ಮೇಲೆ ಇಂಡಿಯನ್ ವಿಮೆನ್ಸ್ ಲೀಗ್. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022-23ರಲ್ಲಿ ಈ ಲೀಗಿನ ಫೈನಲ್ ಆಡಿತ್ತು. ರಾಜ್ಯ ತಂಡಗಳ ಹಿರಿಯರ ರಾಷ್ಟ್ರೀಯ ಪಂದ್ಯಾವಳಿ ರಾಜಮಾತಾ ಜೀಜಾಬಾಯಿ ಟ್ರೋಫಿ ಬೇರೆಯೇ. ಉದ್ಯೋಗ ಕೊಡುವವರ ಕಣ್ಣು ಹೆಚ್ಚಾಗಿ ಬೀಳುವುದು ಅಲ್ಲಿ.

ಟ್ರಯಲ್ಸ್‌ಗೆ ಹಂಪಿ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ರಾತ್ರಿಯಿಡೀ ನಿಂತು ಹೋಗಿ ಬೆಳಿಗ್ಗೆ ಎಂಟಕ್ಕೆ ಮೈದಾನಕ್ಕಿಳಿದರೆ ಇಡೀ ವರ್ಷದ ಅಭ್ಯಾಸ ನೀರುಪಾಲು. ಒಂದು ದಿನ ಮೊದಲೇ ಹೋಗಿ ನಿದ್ದೆ ಮಾಡಿ. ಅರ್ಜಿಯಲ್ಲಿ “ಯಾವ ಜಾಗ” ಎಂದು ಕೇಳಿದರೆ “ಎಲ್ಲಿಯಾದರೂ” ಎಂದು ಬರೆಯಬೇಡಿ, ಒಂದು ಜಾಗ, ಜೊತೆಗೆ ಇನ್ನೊಂದು ಸಾಕು. ವಿಡಿಯೊ ಕಳಿಸುವಾಗ ಮೂರು ನಾಲ್ಕು ನಿಮಿಷದ ತುಣುಕಿನ ಜೊತೆ ಒಂದು ಪೂರ್ಣ ಪಂದ್ಯವೂ ಇರಲಿ. ತುಣುಕಿನಲ್ಲಿ ಟ್ಯಾಕಲ್ ಕಾಣುತ್ತದೆ, ನಿಂತ ಜಾಗ ಕಾಣುವುದಿಲ್ಲ. ನಡುಗೆರೆಯ ನೇರಕ್ಕೆ ಎತ್ತರದಿಂದ, ಫೋನ್ ಅಡ್ಡ ಹಿಡಿದು, ಚೆಂಡಿನ ಹಿಂದೆ ಓಡದೆ ಇಡೀ ಸಾಲು ಕಾಣುವಂತೆ ತೆಗೆಯಿರಿ.

ಕಾಗದಪತ್ರ, ಕರಾರು

ನಮ್ಮ ಕಡೆ ಹೆಸರಿನ ತಕರಾರೇ ದೊಡ್ಡದು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಸೇರಿ ಇನ್ನೊಂದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಆನ್‌ಲೈನ್ ನೋಂದಣಿಯಲ್ಲಿ ಒಂದಕ್ಷರ ತಪ್ಪಿದರೂ ಅರ್ಜಿ ವಾಪಸು ಬರಬಹುದು. ಹತ್ತನೆಯ ತರಗತಿಗೆ ಮೊದಲೇ ಮೂರನ್ನೂ ಒಂದು ಮಾಡಿಸಿ. ವಯಸ್ಸು ತಗ್ಗಿಸುವ ಆಸೆ ಬೇಡ, ಕಿರಿಯರ ಪಂದ್ಯಾವಳಿಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ನೋಡುತ್ತಾರೆ. ಕ್ರೀಡಾ ಪ್ರಮಾಣಪತ್ರಗಳ ಮೂಲಪ್ರತಿಗೆ ಲ್ಯಾಮಿನೇಷನ್ ಬೇಡ, ಪ್ಲಾಸ್ಟಿಕ್ ಕವರಿನಲ್ಲಿಡಿ.

ಇಂಡಿಯನ್ ವಿಮೆನ್ಸ್ ಲೀಗಿನ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದ ಸಂಬಳ ಕೊಡಬೇಕೆಂದು ಎಐಎಫ್‌ಎಫ್ 2023ರಲ್ಲಿ ಪ್ರಕಟಿಸಿತು. ತಂಡದಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇರುತ್ತಾರೆಂಬುದು ನೆನಪಿರಲಿ. ನೀವು ಆ ಹತ್ತರಲ್ಲಿ ಇದ್ದೀರಾ ಎಂದು ಸಹಿಗೆ ಮೊದಲೇ ಕೇಳಿ. ಸಂಬಳ ಯಾವ ತಾರೀಖಿಗೆ, ಗಾಯವಾದರೆ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಗಾಯದ ತಿಂಗಳುಗಳಿಗೆ ಸಂಬಳ ಉಂಟೇ, ವಸತಿ ಎಲ್ಲಿ, ಬೇರೆ ತಂಡಕ್ಕೆ ಹೋಗಲು ಬಿಡುಗಡೆ ಹೇಗೆ, ಎಲ್ಲ ಬರಹದಲ್ಲಿರಲಿ, ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. 18 ತುಂಬದವಳ ಪರ ಪಾಲಕರು ಓದಿ ಸಹಿ ಹಾಕಬೇಕು. ಫಿಫಾ ನಿಯಮದಂತೆ ಅವಳ ಕರಾರು ಮೂರು ವರ್ಷ ಮೀರುವಂತಿಲ್ಲ. ಗರ್ಭಿಣಿಯಾದ ವೃತ್ತಿಪರ ಆಟಗಾರ್ತಿಗೆ ಕನಿಷ್ಠ 14 ವಾರ ರಜೆ, ಕರಾರಿನ ಸಂಬಳದ ಮೂರರಲ್ಲಿ ಎರಡು ಪಾಲು ಎಂದು 2021ರಿಂದ ಫಿಫಾ ನಿಯಮವಿದೆ.

ಆಯ್ಕೆ ಖಚಿತ ಎಂದು ಮುಂಗಡ ಹಣ ಕೇಳುವವರಿಗೆ ಒಂದು ರೂಪಾಯಿ ಕೊಡಬೇಡಿ. ಏಜೆಂಟ್ ಎಂದುಕೊಂಡವರ ಬಳಿ ಫಿಫಾ ಲೈಸೆನ್ಸ್ ಇದೆಯೇ ಕೇಳಿ. ಶಿಬಿರದಲ್ಲಿ ಹುಡುಗಿಯರ ಜೊತೆ ಮಹಿಳಾ ಮ್ಯಾನೇಜರ್ ಇರುತ್ತಾರೆಯೇ, ಕೋಣೆ ಎಲ್ಲಿ ಎಂದು ಅಪ್ಪ ಅವ್ವ ವಿಚಾರಿಸುವುದರಲ್ಲಿ ಸಂಕೋಚವೇನಿಲ್ಲ. ಏನಾದರೂ ತಪ್ಪು ನಡೆದರೆ ಮಕ್ಕಳ ಸಹಾಯವಾಣಿ 1098.

ಓದು ಬಿಡಿಸಬೇಡಿ. ಪದವಿ ಸೇರಿದರೆ ಅಂತರ ವಿಶ್ವವಿದ್ಯಾಲಯ ಪಂದ್ಯಗಳು ಸಿಗುತ್ತವೆ. ರೈಲ್ವೆ, ಸಶಸ್ತ್ರ ಸೀಮಾ ಬಲ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾಕ್ಕೂ ಅಂಕಪಟ್ಟಿ ಬೇಕು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ಅದರ ಕ್ರೀಡಾ ಕೋಟಾ ಪ್ರಕಟಣೆಯಲ್ಲಿ ಮಹಿಳಾ ಫುಟ್‌ಬಾಲ್ ಇದೆಯೇ, ಯಾವ ಪಂದ್ಯಾವಳಿಯ ಪ್ರಮಾಣಪತ್ರ ನಡೆಯುತ್ತದೆ ಎಂದು ಪ್ರತಿ ವರ್ಷ ನೋಡಿ. ಹದಿನೆಂಟು ತುಂಬಿದ ಮೇಲೆ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಕೋಚಿಂಗ್ ಕೋರ್ಸನ್ನು ಆಟ ನಿಲ್ಲಿಸುವವರೆಗೆ ಕಾಯದೆ, ಆಡುತ್ತಿರುವಾಗಲೇ ಯಾವುದಾದರೊಂದು ರಜೆಯಲ್ಲಿ ಮುಗಿಸಿಕೊಳ್ಳಿ.